ಪೆಂಗ್ವಿನ್ ಕ್ಯಾಸೆಟ್ಟು, ಧೂಳಿನ ಮಧ್ಯಾಹ್ನ

ನನ್ನ ಮಗಳು ಬಾಟಲಿಗೆ ಬಾಯಿ ಹಾಕುತ್ತಿರಲಿಲ್ಲ. ಆ ವರ್ಷದ ನಮ್ಮ ಸಂಸಾರದ ಕಷ್ಟವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಮೂರು ಬಗೆಯ ನಿಪ್ಪಲ್ ತಂದು ನೋಡಿದೆವು. ಅವಳು ತುಟಿ ಬಿಗಿದು ಮುಖ ತಿರುಗಿಸುತ್ತಿದ್ದಳು. ಡಬ್ಬಿ ಹಾಲು ಕುಡಿಸಿದರೆ ಐದೇ ನಿಮಿಷದಲ್ಲಿ ವಾಂತಿ. ನಾನು ಬೆಳಿಗ್ಗೆ ಹಿಂಡಿ ಫ್ರಿಜ್ಜಿನಲ್ಲಿಟ್ಟ ಹಾಲನ್ನು ಅವಳಪ್ಪ ಚಮಚದಲ್ಲಿ ತೊಟ್ಟು ತೊಟ್ಟಾಗಿ ಬಿಡುತ್ತಿದ್ದರು. ಅರ್ಧ ಬಾಯಿಗೆ, ಅರ್ಧ ಕುತ್ತಿಗೆಗೆ. ಹೊಟ್ಟೆ ತುಂಬಬೇಕಾದರೆ ನಾನೇ ಮನೆಗೆ ಬರಬೇಕು.

ಹೆರಿಗೆ ರಜೆ ಒಂದೂವರೆ ತಿಂಗಳಿಗೆ ಮುಗಿದಿತ್ತು. ಆಗ ನಾವಿದ್ದದ್ದು ಕೊಲ್ಲಿ ದೇಶದಲ್ಲಿ. ನಾನು ವೆಸ್ಟ್ ಬೇ ಎಂಬಲ್ಲಿ ಒಂದು ಹಡಗು ಏಜೆನ್ಸಿಯ ಟೈಪಿಸ್ಟ್. ಬೆಳಿಗ್ಗೆ ಏಳಕ್ಕೆ ಹೋದರೆ ಒಂದೂವರೆಗೆ ಬಿಡುಗಡೆ, ಆಫೀಸಿನ ವ್ಯಾನು ಎರಡರೊಳಗೆ ನಮ್ಮ ಮನೆಯಿದ್ದ ನಜ್ಮಾಕ್ಕೆ ತಂದು ಇಳಿಸುತ್ತಿತ್ತು. ನನ್ನ ಗಂಡನಿಗೆ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಮೂರು ಗಂಟೆಯ ಶಿಫ್ಟು. ಅವರು ಎರಡೂಕಾಲಿಗೆ ಮನೆ ಬಿಡಲೇಬೇಕು. ಆಗಲೇ ಎರಡು ಸಲ ತಡವಾಗಿ ಹೋಗಿ ಎಚ್ಚರಿಕೆಯ ಎರಡು ಕಾಗದ ಕೈಗೆ ಬಂದಿದ್ದವು. ಮೂರನೆಯದು ಬಂದರೆ ಕೆಲಸ ಖಲಾಸ್, ಕೆಲಸದ ಜೊತೆ ವೀಸಾ ಕೂಡ. ಆ ಕಾಲು ಗಂಟೆಯಲ್ಲಿ ನಾವಿಬ್ಬರೂ ಬಾಗಿಲಲ್ಲಿ ಮುಖ ನೋಡಿಕೊಳ್ಳುತ್ತಿದ್ದೆವು. ಮಾತು ಅಂದರೆ ಮಗು ಎಷ್ಟು ಕುಡಿಯಿತು, ಎಷ್ಟು ಸಲ ಬಟ್ಟೆ ಬದಲಾಯಿತು, ಅಷ್ಟೇ.

ಪೆಂಗ್ವಿನ್ ನಮ್ಮ ಮನೆಗೆ ಬಂದದ್ದು ಈ ಗಡಿಬಿಡಿಯ ನಡುವೆ. ಕೆಳಗಿನ ರಸ್ತೆಯ ವಿಡಿಯೋ ಅಂಗಡಿಯಲ್ಲಿ ಹೊಡೆದಾಟವಿಲ್ಲದ ಕ್ಯಾಸೆಟ್ಟು ಅಂತ ಇದ್ದದ್ದು ಅದೊಂದೇ. ಗಂಡ ತಂದು ಹಾಕಿದರು. ಅದರ ಸಮುದ್ರದ ಸದ್ದಿಗೆ ಮಗು ಅಳು ನಿಲ್ಲಿಸಿತಂತೆ. ಆಮೇಲೆ ಕೇಳಬೇಕೇ, ದಿನಾ ಬೆಳಿಗ್ಗೆ ಅದೇ. ರಜೆಯ ಶುಕ್ರವಾರ ನಾನೂ ಕೂತು ನೋಡುತ್ತಿದ್ದೆ. ಇಡೀ ಕ್ಯಾಸೆಟ್ಟು ನನಗೆ ಈಗಲೂ ಬಾಯಿಪಾಠ.

ಒಂದು ಹಕ್ಕಿ ಕಲ್ಲಿನ ಗೂಡಿನಲ್ಲಿ ಮರಿಯನ್ನು ಕಾಯುತ್ತದೆ, ಇನ್ನೊಂದು ಸಮುದ್ರಕ್ಕೆ ಹೋಗುತ್ತದೆ. ಅದು ಬಂದ ಮೇಲೆ ಇದರ ಸರದಿ. ಮರಿ ಸಣ್ಣದಿರುವಾಗ ಬಹಳ ದೂರ ಹೋಗುವಂತಿಲ್ಲ. ದೂರದಲ್ಲಿ ಎಷ್ಟೇ ಮೀನಿರಲಿ, ಹೊತ್ತಿಗೆ ಸರಿಯಾಗಿ ಹಿಂತಿರುಗಬಹುದಾದಷ್ಟು ನೀರಿನಲ್ಲೇ ಹುಡುಕಬೇಕು. ಹತ್ತಿರದಲ್ಲಿ ಮೀನು ಬಾರದ ವರ್ಷ ಮರಿಗಳು ಗೂಡಿನಲ್ಲೇ ಒಣಗಿಹೋಗುತ್ತವೆ. ಬೆಳಕಿದ್ದಷ್ಟು ಹೊತ್ತೂ ಅದು ಮುಳುಗುತ್ತದೆ, ಮೇಲೆ ಬಂದು ಉಸಿರೆಳೆಯುತ್ತದೆ, ಮತ್ತೆ ಮುಳುಗುತ್ತದೆ. ಹೋದ ಸಲ ಸಿಕ್ಕಿದ ಕಡೆಗೇ ಮತ್ತೆ ಹೋಗಿ ನೋಡುವುದುಂಟು. ಬೆನ್ನಿಗೆ ಸಣ್ಣ ಯಂತ್ರ ಅಂಟಿಸಿ ಬಿಟ್ಟರೆ ಎಷ್ಟು ಆಳಕ್ಕೆ ಹೋಯಿತೆಂದು ಗೊತ್ತಾಗುತ್ತದೆ. ಆದರೆ ಅಷ್ಟು ದೊಡ್ಡ ನೀರಿನಲ್ಲಿ ಮೀನಿನ ಹಿಂಡು ಇಂಥಲ್ಲೇ ಇದೆಯೆಂದು ಅದಕ್ಕೆ ಹೇಗೆ ತಿಳಿಯುತ್ತದೆ ಎಂಬುದು ನಮಗಿನ್ನೂ ಪೂರ್ತಿ ಗೊತ್ತಿಲ್ಲ ಎಂದು ಗಂಭೀರ ದನಿಯ ಇಂಗ್ಲಿಷ್ ಗಂಡಸು ಹೇಳುತ್ತಿದ್ದ. ನಮ್ಮ ಆಫೀಸಿನಲ್ಲಿ ಪ್ರತಿಯೊಂದು ಹಡಗು ತಾನು ಎಲ್ಲಿದ್ದೇನೆಂದು ದಿನಾ ಟೆಲೆಕ್ಸ್ ಸಂದೇಶ ಕಳಿಸುತ್ತಿತ್ತು. ಈ ಹಕ್ಕಿ ಯಾರಿಗೆ ಕಳಿಸಬೇಕು?

ಮರಿಗೆಂದು ಹೊಟ್ಟೆಯಲ್ಲಿ ಹೊತ್ತು ತಂದದ್ದು ತಡವಾದಷ್ಟೂ ತಾಯಿಯ ಮೈಗೇ ಕರಗಿಹೋಗುತ್ತದಂತೆ. ನನ್ನದು ಉಲ್ಟಾ. ತಡವಾದಷ್ಟೂ ನನ್ನ ಎದೆ ಕಲ್ಲಾಗುತ್ತಿತ್ತು.

"ಇವತ್ತು ಎಷ್ಟು ದೂರ ಈಜಿದೆ ಮಾರಾಯ್ತಿ?" ಎಂದು ಗಂಡ ಬಾಗಿಲಲ್ಲಿ ಕೀಟಲೆ ಮಾಡುತ್ತಿದ್ದರು. ಆರೂವರೆ ತಾಸು ಕೀಬೋರ್ಡು ಕುಟ್ಟಿ ಬಂದವಳಿಗೆ ಅದು ತಮಾಷೆಯಾಗಿ ಕಾಣುತ್ತಿರಲಿಲ್ಲ. "ಸಾಕು, ನೀವು ಹೋಗಿ ಬಟ್ಟೆ ಒಗೆಯಿರಿ" ಎಂದುಬಿಡುತ್ತಿದ್ದೆ.

ಕ್ಯಾಸೆಟ್ಟಿನಲ್ಲಿ ಇನ್ನೊಂದು ದೃಶ್ಯವಿತ್ತು. ತಾಯಿ ಬಾರದ ಮರಿಯೊಂದು ಪಕ್ಕದ ಗೂಡಿನ ಹಕ್ಕಿಯ ಮುಂದೆ ನಿಂತು ಬಾಯಿ ತೆರೆಯುತ್ತದೆ. ಆ ಹಕ್ಕಿ ಕುಕ್ಕಿ ಓಡಿಸುತ್ತದೆ. ಸಾವಿರಾರು ಮರಿಗಳ ಗದ್ದಲದಲ್ಲಿ ದನಿ ಹಿಡಿದು ತನ್ನದನ್ನೇ ಹುಡುಕಿ ಅದಕ್ಕೆ ಮಾತ್ರ ಉಣಿಸುತ್ತದೆ. ಗಂಡ ಪ್ರತಿಸಲವೂ "ಛೆ" ಅನ್ನುತ್ತಿದ್ದರು. "ಸರಿಯೇ ಮಾಡಿತು. ಊರ ಮರಿಗಳಿಗೆಲ್ಲ ಕೊಟ್ಟರೆ ಅದರದ್ದು ಬದುಕಬೇಡವಾ?" ಎಂದು ನಾನು ವಾದಿಸುತ್ತಿದ್ದೆ.

ಹಾಗೆ ಹೇಳಲು ನನಗೊಂದು ಕಾರಣವಿತ್ತು. ನಮ್ಮ ಎದುರು ಬಾಗಿಲಿನಲ್ಲಿ ಮಂಗಳೂರು ಕಡೆಯ ಬ್ಯಾರಿ ಮುಸಲ್ಮಾನರ ಸಂಸಾರವಿತ್ತು. ಗಂಡನಿಗೆ ಬಟ್ಟೆ ಅಂಗಡಿ, ಹೆಂಡತಿ ನನಗಿಂತ ಐದಾರು ವರ್ಷ ಚಿಕ್ಕವಳು, ನಾಲ್ಕು ತಿಂಗಳ ಗಂಡು ಮಗು. ಆ ಮಹಡಿಯಲ್ಲಿ ಫೋನು ಇದ್ದದ್ದು ಅವರ ಮನೆಯಲ್ಲಿ ಮಾತ್ರ. ನಾವು ಕ್ರಿಸ್ತುವರು, ಊರು ಅದೇ ಕಡೆ. ಅವಳೂ ನಾನೂ ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಒಂದು ದಿನ ಅವಳು ಮೆಲ್ಲಗೆ ಹೇಳಿದ್ದಳು, "ಅಕ್ಕ, ನನಗೆ ಬೇಕಾದಷ್ಟು ಉಂಟು. ಇವಳು ಹಸಿವೆಯಲ್ಲಿ ಅಳುವುದು ಗೋಡೆಯಾಚೆಗೂ ಕೇಳ್ತದೆ. ನನ್ನ ಹತ್ರ ಕೊಡಿ, ಕುಡಿಸ್ತೇನೆ."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಅವಳು ಕೊಡುತ್ತೇನೆ ಅಂದದ್ದು ನನಗೆ ಕೇಳಲೇ ಇಲ್ಲ, ನೀನು ಸಾಕಾಗುವುದಿಲ್ಲ ಅಂದದ್ದೇ ಕೇಳಿತು. "ಬೇಡ. ನಮ್ಮ ಮಗು ನಮ್ಮದನ್ನೇ ಕುಡೀಲಿ" ಎಂದೆ. ಅವಳ ಮುಖ ಬಾಡಿತು. ಮತ್ತೆ ಅವಳು ಆ ಮಾತೆತ್ತಲಿಲ್ಲ.

ಅದು ಮಾರ್ಚ್ ತಿಂಗಳು. ಬೆಳಿಗ್ಗೆ ಹೊರಡುವಾಗ ಆಕಾಶ ಶುಭ್ರವಾಗಿತ್ತು. ಹನ್ನೆರಡರ ಹೊತ್ತಿಗೆ ಆಫೀಸಿನ ಕಿಟಕಿಯಾಚೆ ಹೋಟೆಲುಗಳು ಮಾಸಿದವು, ಆಮೇಲೆ ಸಮುದ್ರವೇ ಕಾಣದಾಯಿತು. ಗಾಳಿ ಉತ್ತರದಿಂದ ಮರಳು ಹೊತ್ತು ತಂದಿತ್ತು. ಎಸಿಯ ಸಂದಿಯಿಂದಲೂ ಒಳಗೆ ನುಗ್ಗಿ ಟೈಪಿಸಿದ ಹಾಳೆಗಳ ಮೇಲೆ ಕೂತಿತು.

ಒಂದೂವರೆಗೆ ಕೆಳಗಿಳಿದರೆ ವ್ಯಾನಿಲ್ಲ. ಮ್ಯಾನೇಜರರ ಅತಿಥಿಯನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋಗಿದೆಯಂತೆ, ಈಗ ಬರುತ್ತದಂತೆ. ಎರಡಾಯಿತು. ಎದೆ ಬಿಗಿದು ನೋಯತೊಡಗಿತು. ಮೇಲೆ ಓಡಿ ಎದುರುಮನೆಗೆ ಫೋನು ಮಾಡಿದೆ. ಅವಳೇ ಎತ್ತಿದಳು. ಹಿಂದೆ ನನ್ನ ಮಗಳ ಅಳು. ಗಂಡ ಎತ್ತಿಕೊಂಡು ಅಲ್ಲಿಗೇ ಬಂದು ನಿಂತಿದ್ದರು. ಆ ದನಿ ಕಿವಿಗೆ ಬಿದ್ದದ್ದೇ ತಡ, ಹಾಲು ತಾನಾಗಿ ಇಳಿದು ಕಮೀಜು ನೆನೆಯಿತು. ಫೈಲೊಂದನ್ನು ಎದೆಗೆ ಅವಚಿಕೊಂಡೆ.

"ಅಕ್ಕ, ಚಮಚದ ಹಾಲು ಮುಗಿದಿದೆಯಂತೆ. ಹನ್ನೊಂದರಿಂದ ಏನೂ ಇಲ್ಲ. ಅವರಿಗೂ ಹೊತ್ತಾಯ್ತು." ಆಮೇಲೆ ಕೇಳಿದಳು, "ನಾನು ಕುಡಿಸಲಾ?"

ಹ್ಞೂಂ ಅನ್ನಲು ಎಷ್ಟು ಹೊತ್ತು ಬೇಕು? ನಾನು ಅನ್ನಲಿಲ್ಲ. "ಬೇಡ ಬೇಡ. ವ್ಯಾನು ಬಂದೇ ಬಿಟ್ಟಿತು, ಹತ್ತು ನಿಮಿಷದಲ್ಲಿ ಬರ್ತೇನೆ" ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ.

ವ್ಯಾನು ಬಂದದ್ದು ಎರಡೂಕಾಲಿಗೆ. ಹೊರಗೆ ಎಲ್ಲವೂ ಅರಿಶಿನ ಕಲಸಿದ ನೀರಿನ ಬಣ್ಣ. ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ಸಮುದ್ರದ ಬದಿಯ ಕಾರ್ನಿಶ್ ರಸ್ತೆಗೆ ಬಂದು ಸ್ವಲ್ಪ ದೂರ ಹೋಗುತ್ತಲೇ ನಿಂತಿತು. ಮುಂದೆ ಎಲ್ಲೋ ಮೂರು ನಾಲ್ಕು ಕಾರುಗಳು ಒಂದಕ್ಕೊಂದು ಗುದ್ದಿದ್ದವು. ಡ್ರೈವರ್ ಎಂಜಿನ್ ಆರಿಸಿ ಸೀಟಿಗೆ ಒರಗಿದ.

ನಾನು ಕೂತೆ. ಎರಡು ಇಪ್ಪತ್ತೈದು. ಗಂಡ ಈಗ ಏನು ಮಾಡುತ್ತಿರಬಹುದು? ಕ್ಯಾಸೆಟ್ಟಿನ ಆ ಭಾಗವೂ ನೆನಪಿಗೆ ಬಂತು. ಹೋದದ್ದು ಬರುವುದು ಬಹಳ ತಡವಾದರೆ ಗೂಡಿನಲ್ಲಿ ಕೂತದ್ದು ತನ್ನ ಹಸಿವೆ ತಡೆಯಲಾಗದೆ ಕೊನೆಗೊಮ್ಮೆ ಎದ್ದು ನೀರಿನ ಕಡೆ ನಡೆದುಬಿಡುತ್ತದೆ. ಅದರ ತಪ್ಪೆಂದು ಯಾರೂ ಹೇಳುವಂತಿಲ್ಲ. ಇವರು ಮನೆಯಲ್ಲಿ ನಿಂತರೆ ಕೆಲಸ ಹೋಗುತ್ತದೆ. ಹೋದರೆ ಮಗುವನ್ನು ಎದುರುಮನೆಯವಳ ಕೈಗೆ ಕೊಟ್ಟೇ ಹೋಗಬೇಕು. ಅವಳ ಕೈಯನ್ನು ನಾನೇ ಕಟ್ಟಿಹಾಕಿ ಬಂದಿದ್ದೆ, ಎರಡೆರಡು ಸಲ. ಅವಳು ಮಾತಿಗೆ ತಪ್ಪುವವಳಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಾಳೆ, ತಿರುಗಾಡಿಸುತ್ತಾಳೆ, ಕುಡಿಸುವುದಿಲ್ಲ. ನನಗೆ ಹೆದರಿಕೆ ಹತ್ತಿದ್ದು ಆಗಲೇ. ಎರಡೂವರೆ ತಿಂಗಳ ಮಗು ಅತ್ತು ಅತ್ತು ಸುಮ್ಮನಾಗಿಬಿಟ್ಟರೆ ಅದು ಒಳ್ಳೆಯದಲ್ಲ ಎಂದು ನನ್ನ ತಾಯಿ ಕಾಗದದಲ್ಲಿ ಬರೆದಿದ್ದರು.

"ನಾನು ಇಳೀತೇನೆ" ಎಂದೆ. ವ್ಯಾನಿನಲ್ಲಿದ್ದ ಇನ್ನಿಬ್ಬರು ಹುಚ್ಚಾ ನಿನಗೆ ಅನ್ನುವಂತೆ ನೋಡಿದರು. ಇಳಿದೆ.

ದುಪಟ್ಟಾವನ್ನು ಮೂಗು ಬಾಯಿಗೆ ಸುತ್ತಿ, ಎಡಗೈಯಲ್ಲಿ ಸಮುದ್ರದ ಬದಿಯ ಗಿಡ್ಡ ಗೋಡೆಯನ್ನು ಮುಟ್ಟಿಕೊಳ್ಳುತ್ತ ನಡೆದೆ. ಹತ್ತು ಹೆಜ್ಜೆಯ ಆಚೆ ಏನಿದೆಯೋ ಕಾಣದು. ಗೋಡೆ ಎಡಕ್ಕೆ ಇರುವ ತನಕ ದಾರಿ ಸರಿ, ಅಷ್ಟು ಮಾತ್ರ ಗೊತ್ತು. ನೀರು ಕಲ್ಲಿಗೆ ಬಡಿಯುವ ಸದ್ದು ಕೇಳುತ್ತಿತ್ತು. ಹಲ್ಲಿನಲ್ಲಿ ಮರಳು, ಕಣ್ಣಿನಲ್ಲಿ ಮರಳು, ಎದೆಯ ಮೇಲೆ ಹಾಲಿಗೆ ಅಂಟಿದ ಮರಳು. ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಬೇರೆ ಯಾರ ಮೇಲೂ ಬಂದಿಲ್ಲ. ಮೈತುಂಬ ಮಗುವಿನ ಊಟ ಹೊತ್ತು ಹೀಗೆ ಕುರುಡಿಯಂತೆ ನಡೆಯುತ್ತಿದ್ದೇನೆ, ಒಂದು ಹ್ಞೂಂ ಅಂದಿದ್ದರೆ ಅಲ್ಲಿ ಮಗು ನಿದ್ದೆ ಮಾಡುತ್ತಿತ್ತು.

ಅಪಘಾತದ ಕಾರುಗಳನ್ನು ದಾಟಿ ಇನ್ನಷ್ಟು ದೂರ ಬಂದ ಮೇಲೆ ಕಿತ್ತಳೆ ಬಿಳಿ ಬಣ್ಣದ ಟ್ಯಾಕ್ಸಿಯೊಂದು ಮೆಲ್ಲಗೆ ಹೋಗುತ್ತಿತ್ತು. ಅಡ್ಡ ನಿಂತು ಕೈ ಚಾಚಿದೆ. ವಯಸ್ಸಾದ ಪಠಾಣ. ಗಾಜು ಇಳಿಸಿ, "ಮಾಫಿ, ಮಾಫಿ, ಈಗ ಬಾಡಿಗೆ ಇಲ್ಲ. ಮನೆಗೆ ಹೋಗ್ತಿದ್ದೇನೆ" ಎಂದು ಅರಬ್ಬಿ ಬೆರೆತ ಹಿಂದಿಯಲ್ಲಿ ಗದರಿದ. ನಾನೂ ಬಿಡಲಿಲ್ಲ, ಬಾಗಿಲಿನ ಹಿಡಿಕೆ ಹಿಡಿದುಕೊಂಡೆ. "ಮಗು ಹಸಿದುಕೊಂಡಿದೆ ಚಾಚಾ, ನಜ್ಮಾಕ್ಕೆ ಬಿಡಿ" ಎಂದೆ. ಅವನ ಕಣ್ಣು ನನ್ನ ಒದ್ದೆಯಾದ ಎದೆಯ ಮೇಲೆ ಬಿತ್ತು. ತಕ್ಷಣ ತಲೆ ಆಚೆ ತಿರುಗಿಸಿದ. ಹಿಂದಿನ ಬಾಗಿಲು ತೆರೆದು, "ಕೂತ್ಕೋ ಮಗಳೇ" ಎಂದ. ಆಮೇಲೆ ದಾರಿಯುದ್ದಕ್ಕೂ ಅವನು ಮೇಲಿನ ಕನ್ನಡಿ ನೋಡಲಿಲ್ಲ. ಹಾರ್ನು ಒತ್ತುತ್ತ, ಯಲ್ಲಾ ಯಲ್ಲಾ ಎಂದು ಕಾಣದ ಗಾಡಿಗಳನ್ನು ಬೈಯುತ್ತ ಒಳರಸ್ತೆಗಳಲ್ಲಿ ನುಸುಳಿಸಿದ.

ನಮ್ಮ ಕಟ್ಟಡದ ಮೆಟ್ಟಿಲು ಹತ್ತುವಾಗ ಮೂರೂಕಾಲು. ಅಳು ಕೇಳಲಿಲ್ಲ. ಎರಡನೆಯ ಮಹಡಿಗೆ ಬಂದೆ. ನಮ್ಮ ಬಾಗಿಲಿಗೆ ಬೀಗ. ಮಗು ಎಲ್ಲಿದೆಯೆಂದು ನನಗೆ ಗೊತ್ತು. ಆದರೂ ಆ ಬೀಗವನ್ನು ಒಮ್ಮೆ ಎಳೆದು ನೋಡಿದೆ. ಆಗ ಎದುರುಮನೆಯಿಂದ ಅಳು ಕೇಳಿತು. ನನ್ನ ಮಗಳದ್ದಲ್ಲ. ಗಂಡು ದನಿ, ದಪ್ಪ ದನಿ.

ಬಾಗಿಲು ತಳ್ಳಿದೆ. ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಸೆರಗಿನ ಕೆಳಗೆ ನನ್ನ ಮಗಳ ಎರಡು ಪುಟ್ಟ ಪಾದಗಳು ಕಾಣುತ್ತಿದ್ದವು, ಕಾಲ್ಬೆರಳು ಬಿಡಿಸಿಕೊಂಡು ನಿಶ್ಚಿಂತೆಯಿಂದ. ಅವಳು ನನ್ನನ್ನು ನೋಡಿದ್ದೇ ಗಾಬರಿಯಾದಳು. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ.

"ನೀವು ಬೇಡ ಅಂದಿದ್ರಿ" ಎಂದಳು. "ಅಣ್ಣ ಎರಡೂವರೆ ತನಕ ಕಾದ್ರು. ಅಳ್ತಾ ಕೊಟ್ಟು ಹೋದ್ರು. ಇವಳದ್ದು ದನಿ ಸಣ್ಣ ಆಗ್ತಾ ಬಂತು ಅಕ್ಕ. ನನ್ನಿಂದ ಆಗ್ಲಿಲ್ಲ. ಬೈಯುವುದಾದ್ರೆ ಬೈಯಿರಿ."

ಅಣ್ಣ ಅಂದದ್ದು ನನ್ನ ಗಂಡನನ್ನು. ಆ ದಿನ ಹೋಟೆಲಿಗೆ ಅರ್ಧಕ್ಕರ್ಧ ಜನ ತಡವಾಗಿಯೇ ಬಂದಿದ್ದರು, ಯಾರಿಗೂ ಕಾಗದ ಸಿಗಲಿಲ್ಲ ಎಂದು ರಾತ್ರಿ ಗೊತ್ತಾಯಿತು.

ಹೊಟ್ಟೆಕಿಚ್ಚಾಯಿತು, ಅದನ್ನು ಮುಚ್ಚಿಡುವುದಿಲ್ಲ. ನನ್ನ ಮಗಳು ಅಷ್ಟು ಸುಖವಾಗಿ ಇನ್ನೊಬ್ಬಳ ಮಡಿಲಲ್ಲಿ ಮಲಗಿದ್ದಾಳಲ್ಲ ಎಂದು ಒಂದು ಗಳಿಗೆ ಎದೆ ಉರಿಯಿತು. ಆಮೇಲೆ ಆ ದಪ್ಪ ಅಳು ಮತ್ತೆ ಕೇಳಿತು. ತೊಟ್ಟಿಲಲ್ಲಿ ಅವಳ ಮಗ ಮುಷ್ಟಿ ಬಾಯಿಗೆ ತುರುಕಿಕೊಂಡು ಕೆಂಪಾಗಿದ್ದ.

"ಇವನಿಗೆ ಯಾಕೆ ಇಷ್ಟು ಅಳು?"

"ಇವನ ಹೊತ್ತಾಯ್ತು" ಎಂದು ಅವಳು ತಲೆ ತಗ್ಗಿಸಿದಳು. "ಇವಳು ಎರಡೂ ಕಡೆ ಖಾಲಿ ಮಾಡಿದ್ಳು. ಸ್ವಲ್ಪ ಹೊತ್ತು ಅಳಲಿ ಬಿಡಿ, ಮತ್ತೆ ತುಂಬ್ತದೆ."

ನಾನು ಬಚ್ಚಲಿಗೆ ಹೋಗಿ ಮೈ ಕೈ ತೊಳೆದು ಬಂದೆ. ತೊಟ್ಟಿಲಿನಿಂದ ಅವನನ್ನು ಎತ್ತಿಕೊಂಡು ಅವಳ ಪಕ್ಕದಲ್ಲೇ ಗೋಡೆಗೆ ಒರಗಿ ಕೂತೆ. "ನಿಮ್ಮಲ್ಲಿ ಇದಕ್ಕೇನಾದರೂ ಅಡ್ಡಿ ಉಂಟಾ?" ಎಂದು ಕೇಳಿದೆ.

"ಅಡ್ಡಿ ಎಂತದ್ದು?" ಎಂದಳು. "ಹಾಲಿನ ಸಂಬಂಧ ಆಗ್ತದೆ, ಅಷ್ಟೇ. ಅಣ್ಣ ತಂಗಿ ಲೆಕ್ಕ. ದೊಡ್ಡವರಾದ ಮೇಲೆ ಇವರಿಬ್ಬರಿಗೆ ಮದುವೆ ಮಾಡಿಸ್ಲಿಕ್ಕಿಲ್ಲ."

ಕ್ರಿಸ್ತುವರ ಹುಡುಗಿ, ಬ್ಯಾರಿ ಹುಡುಗ. ಇಲ್ಲದಿದ್ದರೆ ನಾಳೆಯೇ ನಿಶ್ಚಿತಾರ್ಥ ಇತ್ತು ಎಂಬಂತೆ ಅವಳು ಗಂಭೀರವಾಗಿ ಹೇಳಿದ್ದು ಕೇಳಿ ನನಗೆ ನಗು ಬಂತು, ಅದರ ಹಿಂದೆಯೇ ಅಳು. ಅವನು ಮೊದಲು ಮುಖ ತಿರುಗಿಸಿದ. ನನ್ನ ವಾಸನೆ ಬೇರೆ, ದನಿ ಬೇರೆ. "ಕುಡಿ ಪುಟ್ಟ, ಕುಡಿ" ಎಂದೆ. ಹುಡುಕಿದ, ಬಿಟ್ಟ, ಮತ್ತೆ ಹುಡುಕಿದ. ಆಮೇಲೆ ಗಟ್ಟಿಯಾಗಿ ಹಿಡಿದ. ಬೆಳಿಗ್ಗೆಯಿಂದ ಕಲ್ಲಾಗಿದ್ದ ಎದೆ ಸಡಿಲವಾಗುತ್ತ ಬಂತು.

ನನ್ನ ಎರಡು ಕೈಗಳೂ ಅವನ ಕೆಳಗಿದ್ದವು. ಮುಖದ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲು ಆಗುತ್ತಿರಲಿಲ್ಲ. ಅವಳು ನನ್ನ ಮಗಳನ್ನು ಒಂದು ತೋಳಿಗೆ ಸರಿಸಿಕೊಂಡು, ತನ್ನ ಸೆರಗಿನ ತುದಿಯಿಂದ ನನ್ನ ಕಣ್ಣು ಒರೆಸಿದಳು, ಆಮೇಲೆ ಹುಬ್ಬಿನಲ್ಲಿ ಉಳಿದಿದ್ದ ಮರಳನ್ನೂ.