ಹವಳಕ್ಕೊಂದು ಬಾಯಿ

ಆ ದಿನ ಸಂಡಿಗೆ ಇಟ್ಟದ್ದು ಅಮ್ಮನ ಹಳೆಯ ಸೀರೆಯ ಮೇಲೋ ಅಪ್ಪನ ಪಂಚೆಯ ಮೇಲೋ, ಈಗ ಖಚಿತವಾಗಿ ಹೇಳಲಾರೆ. ಪಂಚೆಯೇ ಎಂದು ಮನಸ್ಸು ಹಟ ಹಿಡಿಯುತ್ತದೆ. ಅಪ್ಪ ತೀರಿಕೊಂಡ ಮೇಲಿನ ಮೊದಲ ಬೇಸಿಗೆಯಾದ್ದರಿಂದ ನೆನಪು ತಾನಾಗಿಯೇ ಅದನ್ನು ಅಲ್ಲಿ ಹಾಸಿರಲೂಬಹುದು.

ಹೆಬ್ಬಗೋಡಿಯ ನಮ್ಮ ಮನೆಯ ತಾರಸಿಯಲ್ಲಿ, ಬಾಡಿಗೆಯವರು ಒಣಹಾಕಿದ ಬಟ್ಟೆಗಳ ನೆರಳಿನಲ್ಲಿ ಅಮ್ಮ ಕಾಗೆ ಕಾಯುತ್ತಿದ್ದಳು. ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದೆ. ಹವಳದ ಭ್ರೂಣದಲ್ಲಿ ಯಾವ ಜೀನ್ ಮೊದಲು ಎಚ್ಚರಗೊಳ್ಳುತ್ತದೆ, ಯಾವುದು ಆಮೇಲೆ ಎಂದು ಹುಡುಕುವುದು ನನ್ನ ಉದ್ಯೋಗ. ಕಡಲಿಲ್ಲದ ಊರಿನಲ್ಲಿ ಕುಳಿತು ಕಡಲಿನ ಬಸಿರನ್ನು ಓದುವ ಕೆಲಸ.

ಅಮ್ಮ ಇಣುಕಿದಳು. "ಇದೇನೇ, ನನ್ ಸಂಡಿಗೆ ಫೋಟೋ ಯಾವಾಗ ತೆಗ್ದೆ?"

"ಸಂಡಿಗೆ ಅಲ್ಲಮ್ಮ, ಹವಳದ ಕೂಸು."

ನಕ್ಕೆವು. ಆದರೆ ಅವಳು ತಪ್ಪು ಹೇಳಿರಲಿಲ್ಲ, ಗೆಳೆಯರೇ. ಕೊರಳಿಗೇರುವ ಕೆಂಪು ಹವಳದ ದೂರದ ನೆಂಟರಲ್ಲಿ ಕೆಲವರ ಭ್ರೂಣ, ಜೀವಕೋಶಗಳು ಒಡೆದೊಡೆದು ಹೆಚ್ಚುತ್ತಿರುವಾಗ, ಒಂದು ಹಂತದಲ್ಲಿ ಸಂಡಿಗೆಯಂತೆಯೇ ಚಪ್ಪಟೆಯಾಗಿ ಸೊಟ್ಟಸೊಟ್ಟಗೆ ಹರಡಿಕೊಳ್ಳುತ್ತದೆ; ಬಳಿಕ ಅಂಚುಗಳು ಬಿಸಿಲಿಗೆ ಸೆಟೆದಂತೆ ಮೇಲೆದ್ದು, ಬಟ್ಟಲಾಗಿ, ಉಂಡೆಯಾಗಿ, ಈಜುವ ಮರಿಯಾಗಿ, ಕೊನೆಗೊಂದು ಬಂಡೆ ಹಿಡಿದು ಕೂತುಬಿಡುತ್ತದೆ. ಒಳಗು ಯಾವುದು, ಹೊರಗು ಯಾವುದು, ಬಾಯಿ ಎಲ್ಲಿ ತೆರೆಯಬೇಕು ಎಂದು ದಾರಿ ತೋರುವ ಜೀನುಗಳಲ್ಲಿ ಕೆಲವು ನಮ್ಮಲ್ಲೂ ಇವೆ. ಬಾಯಿ ಎಂಬುದು ಬಲು ಹಳೆಯ ಆಸೆ. ಮಾತಿಗಿಂತ ಎಷ್ಟೋ ಹಳೆಯದು.

ಹವಳದ ಬಾಯಿಯ ಈ ಕತೆಯನ್ನು ಅಮ್ಮನಿಗೂ ಹೇಳುತ್ತಿದ್ದಾಗ ಪಕ್ಕದ ಬೀದಿಯ ಅತ್ತೆ, ಅಪ್ಪನ ಅಕ್ಕ, ಮೆಟ್ಟಿಲೇರಿ ಬಂದರು. "ಅವಳ ಅಂದ್ರೆ ಕಲ್ಲು ಕಣವ್ವ. ಕಲ್ಗೆಲ್ಲಿಂದ ಬಂತು ಬಾಯಿ?" ಎಂದು ಹವಳವನ್ನು ‘ಅವಳ’ ಮಾಡಿದವರು ಅಮ್ಮನತ್ತ ತಿರುಗಿದರು. "ನಿನ್ ಡಬ್ಬೀಲಿರೋವ್ನ ಇವ್ಳಿಗೆ ಪೋಣಿಸ್ಬುಡು. ತಾಳಿ ಜೊತೆ ಬಂದಿದ್ದು ತಾಳಿ ಜೊತೇಲೇ ಓಯ್ತು. ಇನ್ನು ನಿಂಗ್ಯಾಕೆ?"

ಅಮ್ಮ ಕಾಗೆಯೊಂದನ್ನು ಓಡಿಸಿದಳು. ತಾಳಿಯ ಎರಡೂ ಬದಿಗಿದ್ದ ಆ ಹವಳಗಳು ಈಗ ಕುಂಕುಮದ ಡಬ್ಬಿಯಲ್ಲಿವೆ. ಯಾರೂ ಇಲ್ಲವೆಂದುಕೊಂಡಾಗ ಅವಳು ಅವನ್ನು ಕೊರಳಿಗೆ ಹಿಡಿದು ಕನ್ನಡಿ ನೋಡಿಕೊಂಡು, ಮತ್ತೆ ಒಳಗಿಡುವುದನ್ನು ಕಂಡಿದ್ದೇನೆ.

ಅಮ್ಮ ಚಿಕ್ಕವಳಿದ್ದಾಗಲೇ ಅವನ್ನು ಕರಿದಾರದಲ್ಲಿ ಅವಳ ಕೊರಳಿಗೆ ಕಟ್ಟಿದ್ದಾಗಿ ಅವಳ ತಾಯಿ, ನನ್ನ ಅಜ್ಜಿ, ಹೇಳಿದ ನೆನಪು ನನಗಿದೆ. ಹಾಗಿದ್ದರೆ ಹವಳ ತಾಳಿಗಿಂತ ಮೊದಲಿನದು. ಅಪ್ಪನೊಂದಿಗೆ ಅದು ಹೋಗಬೇಕಿಲ್ಲ. ಆದರೆ ಅಜ್ಜಿ ನಿಜವಾಗಿ ಹಾಗೆಂದರೋ, ಅಮ್ಮನ ಕೊರಳು ಬರಿದಾದ ಮೇಲೆ ನಾನೇ ಕಟ್ಟಿಕೊಂಡ ಕತೆಯೋ? ಭ್ರೂಣದಲ್ಲಾದರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಬಲ್ಲೆ. ಅಜ್ಜಿ ಈಗಿಲ್ಲ, ಬಲ್ಲವಳು ಅಮ್ಮನೊಬ್ಬಳೇ.

ಅತ್ತೆ ಇಳಿದು ಹೋದರು. ಅಮ್ಮ ಅಂಚು ಸೆಟೆದ ಸಂಡಿಗೆಗಳನ್ನು ಒಂದೊಂದಾಗಿ ಮಗುಚತೊಡಗಿದಳು. ಕೇಳಿಯೇಬಿಟ್ಟೆ:

"ಅಮ್ಮ, ಅಪ್ಪ ಬರೋಕೆ ಮುಂಚೇನೇ ಆ ಹವಳ ನಿನ್ ಕೊರಳಲ್ಲಿತ್ತಾ?"

ಆ ಸಂಡಿಗೆ ಕರಿದು ತಿಂದು ಮುಗಿದಿದೆ. ಅಮ್ಮ ಇನ್ನೂ ಹೇಳಿಲ್ಲ. ಡಬ್ಬಿಯನ್ನು ಮಾತ್ರ ಬೀರುವಿನೊಳಗಿಂದ ತೆಗೆದು ಕನ್ನಡಿಯ ಮುಂದಿಟ್ಟಿದ್ದಾಳೆ.