ಅಮ್ಮ ನೋಡದ ಗುಮ್ಮಟ

ವಿದೇಶದ ಎಕ್ಸ್‌ಪೋ ಒಂದು ಮುಗಿದು, ಅಲ್ಲಿನ ಹೊಳೆಯುವ ಮಂಟಪವನ್ನು ಕ್ರೇನಿನಲ್ಲಿ ಕಳಚುವ ವಿಡಿಯೋ ಇವತ್ತು ಫೋನಿಗೆ ಬಂತು. ನನಗೆ ಅಪ್ಪನ ಗುಮ್ಮಟ ನೆನಪಾಯಿತು.

ಅಪ್ಪ ಆಗ ಡ್ರಾಯಿಂಗ್ ಮೇಷ್ಟ್ರು. ಇಂಥದ್ದೇ ಎಕ್ಸ್‌ಪೋದ ಚಿತ್ರ ನೋಡಿ, ಮಂಗಳೂರಿನ ಮೈದಾನದ ವಸ್ತುಪ್ರದರ್ಶನಕ್ಕೆ ಬಿದಿರು, ತಗಡು ಸೇರಿಸಿ ‘ನಾಳೆಯ ಮನೆ’ ಎಂಬ ಗುಮ್ಮಟ ಕಟ್ಟಿದ್ದರು. ಮೀನುಗಾರರ ಊರು ಬೆಂಗ್ರೆಯಿಂದ ತಂದ ಬಲೆಯ ಹಗ್ಗದಲ್ಲೇ ಬಿಗಿದದ್ದು, ಒಳಗೆಲ್ಲ ಮೀನಿನ ವಾಸನೆ. ಆದರೂ ಜನ ಸಾಲು ನಿಂತು ನೋಡಿದರು. ಅಮ್ಮ ಮಾತ್ರ ಆಸ್ಪತ್ರೆಯಲ್ಲಿದ್ದಳು.

ಅಮ್ಮನನ್ನು ಮನೆಗೆ ಕಳಿಸುವ ಹಿಂದಿನ ದಿನ ಪ್ರದರ್ಶನ ಮುಗಿಯಿತು.

“ಒಂದು ದಿನ ಬಿಡಿ, ಹೆಂಡತಿಗೆ ತೋರಿಸಿ ನಾನೇ ಬಿಚ್ಚುತ್ತೇನೆ,” ಎಂದು ಅಪ್ಪ ಕಾಂಟ್ರಾಕ್ಟರನ ಹತ್ತಿರ ಬೇಡಿಕೊಂಡರು.

“ಎಂತ ಮಾಡುವುದು ಮೇಷ್ಟ್ರೇ, ಸಂಜೆಯೊಳಗೆ ಮೈದಾನ ಖಾಲಿ ಆಗಬೇಕು,” ಎಂದ ಅವನು.

ಮರುದಿನ ಅಮ್ಮನನ್ನು ಆಸ್ಪತ್ರೆಯಿಂದ ಕರೆತರುವಾಗ ಅಪ್ಪ ಆಟೋವನ್ನು ಮೈದಾನಕ್ಕೇ ತಿರುಗಿಸಿದರು. ಅಲ್ಲಿ ಕಂಬದ ಗುಂಡಿಗಳು ಮಾತ್ರ ಇದ್ದವು. “ಇಲ್ಲಿ ಬಾಗಿಲು ಇತ್ತು, ಮೇಲಿನಿಂದ ಬೆಳಕು...” ಎಂದು ಕೈ ಎತ್ತಿ ತೋರಿಸಿದರು.

ಆಟೋದಿಂದ ಇಳಿಯಲಾಗದ ಅಮ್ಮ, “ಚಂದ ಉಂಟು ಮಾರಾಯ್ರೆ. ಬನ್ನಿ, ಬಿಸಿಲು,” ಎಂದಳು.

ಅಮ್ಮ ಆ ಮಳೆಗಾಲ ದಾಟಲಿಲ್ಲ. ಅಪ್ಪ ಈಗ ಶಕ್ತಿನಗರದಲ್ಲಿ ನನ್ನೊಟ್ಟಿಗೇ ಇದ್ದಾರೆ. ವಿಡಿಯೋ ತೋರಿಸುವ ಎಂದು ಅವರ ಕೋಣೆಯವರೆಗೆ ಹೋದವನು ಬಾಗಿಲಲ್ಲೇ ನಿಂತು ಫೋನನ್ನು ಕಿಸೆಗೆ ಹಾಕಿದೆ.