ಪಾಪಮ್ಮನವರ ಸುಣ್ಣದ ಗುಂಡಿ

1997ರಲ್ಲಿ ನಾನು ಮುಳಬಾಗಿಲು ತಾಲ್ಲೂಕಿನ ತಾಯಲೂರು ಹೋಬಳಿಯಲ್ಲಿ ರೇಷ್ಮೆ ವಿಸ್ತರಣಾಧಿಕಾರಿಯಾಗಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಸ್ಕೂಟರಿನಲ್ಲಿ ಊರೂರು ತಿರುಗುವುದು, ಹುಳು ಸಾಕುವ ಮನೆಗಳನ್ನು ನೋಡುವುದು, ತಪ್ಪು ಕಂಡರೆ ತಿದ್ದುವುದು. ತಿದ್ದುವುದರಲ್ಲಿ ನನಗೆ ತುಂಬಾ ಉತ್ಸಾಹ. ಆಗ ಮೂವತ್ತೆಂಟು ವರ್ಷ, ಗೊತ್ತಿಲ್ಲ ಎನ್ನುವ ಮಾತು ಬಾಯಲ್ಲಿ ಬರುತ್ತಲೇ ಇರಲಿಲ್ಲ.

ತಾಯಲೂರಿನಿಂದ ಏಳು ಕಿಲೋಮೀಟರ್ ದೂರದ ಒಂದು ಊರಿನಲ್ಲಿ ವೆಂಕಟಲಕ್ಷ್ಮಮ್ಮ ಅನ್ನುವವರು ಚಾಕಿ ಕೇಂದ್ರ ನಡೆಸುತ್ತಿದ್ದರು. ಮೊಟ್ಟೆಯಿಂದ ಹೊರಬಂದ ಎಳೆಯ ಹುಳುವಿಗೆ ಚಾಕಿ ಎನ್ನುತ್ತಾರೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಒಂದೊಂದು ಸಲಕ್ಕೂ ನಮ್ಮ ಕಡೆ ಜ್ವರ ಎಂದೇ ಹೆಸರು. ಎರಡನೇ ಜ್ವರದವರೆಗೆ ವೆಂಕಟಲಕ್ಷ್ಮಮ್ಮ ಸಾಕಿ ಕೊಡುತ್ತಿದ್ದರು, ಮುಂದೆ ಗೂಡು ಕಟ್ಟುವವರೆಗೆ ಊರಿನ ಹನ್ನೊಂದು ಮನೆಯವರು ಸಾಕಿಕೊಳ್ಳುತ್ತಿದ್ದರು. ಕೂಸನ್ನು ಕೈಗೆ ಕೊಟ್ಟಷ್ಟೇ ನಂಬಿಕೆಯ ವ್ಯವಹಾರ ಅದು. ಆಕೆಯ ಮನೆಯ ಹುಳು ಎಂದರೆ ಜನ ಕಣ್ಣುಮುಚ್ಚಿಕೊಂಡು ಒಯ್ಯುತ್ತಿದ್ದರು.

ಆ ನಂಬಿಕೆಗೆ ಕಾರಣವಾದ ಶುಚಿಯೆಲ್ಲ ಅವರ ಅತ್ತೆ ಪಾಪಮ್ಮನವರಿಂದ ಬಂದದ್ದು. ಎಪ್ಪತ್ತು ದಾಟಿದ ಮುದುಕಿ, ಮನೆಯಲ್ಲಿ ತೆಲುಗು, ನನ್ನ ಹತ್ತಿರ ಅರ್ಧ ತೆಲುಗು ಅರ್ಧ ಕನ್ನಡ. ತಟ್ಟೆಯಲ್ಲಿ ಒಂದು ಹುಳು ಮಂಕಾಗಿ ಕಂಡರೂ ಕಡ್ಡಿಯಲ್ಲಿ ಎತ್ತಿ, ಹೊಲದ ಆಚೆ ಬೇಲಿಯ ಪಕ್ಕ ತೋಡಿದ್ದ ಗುಂಡಿಗೆ ಹಾಕಿ, ಮೇಲೆ ಸುಣ್ಣ ಚೆಲ್ಲಿ ಮಣ್ಣು ಮುಚ್ಚುತ್ತಿದ್ದರು. ಅದನ್ನು ಮಾಡಿದವರು ಅವತ್ತು ಮತ್ತೆ ಹುಳುಮನೆಗೆ ಕಾಲಿಡುವಂತಿರಲಿಲ್ಲ.

ಆ ವರ್ಷ ಫೆಬ್ರವರಿಯಲ್ಲಿ ಮಾಲೂರಿನ ಹತ್ತಿರದ ಒಂದು ತೋಟದಲ್ಲಿ ಆರು ದಿನದ ತರಬೇತಿಗೆ ಹೋದೆ. ಪರ್ಮಾಕಲ್ಚರ್ ಎಂಬ ಪದವನ್ನು ಮೊದಲು ಕೇಳಿದ್ದು ಅಲ್ಲೇ. ಸರಳವಾಗಿ ಹೇಳುವುದಾದರೆ, ಒಂದರ ಕಸ ಇನ್ನೊಂದರ ಊಟವಾಗುವಂತೆ ತೋಟವನ್ನೂ ಮನೆಯನ್ನೂ ಹೊಂದಿಸಿಕೊಳ್ಳುವುದು. ಬಚ್ಚಲ ನೀರು ಬಾಳೆಗೆ, ಬಾಳೆಯ ಎಲೆ ಹಸುವಿಗೆ, ಸಗಣಿ ಎರೆಹುಳುವಿಗೆ, ಅದರ ಗೊಬ್ಬರ ಮತ್ತೆ ಮಣ್ಣಿಗೆ. ನನಗೆ ಹುಚ್ಚೇ ಹಿಡಿದುಬಿಟ್ಟಿತು. ಹಿಂದಿರುಗಿದ ಮರುದಿನವೇ ವೆಂಕಟಲಕ್ಷ್ಮಮ್ಮನ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದೆ.

ಆಕೆ ಏಳನೇ ಕ್ಲಾಸು ಓದಿದ್ದರು, ಹೇಳುವುದನ್ನು ಹೇಳಿ ಮುಗಿಸುವ ಮುಂಚೆಯೇ ಹಿಡಿಯುತ್ತಿದ್ದರು. ಐದು ತಿಂಗಳಲ್ಲಿ ಆ ಎರಡು ಎಕರೆಯ ಚಹರೆಯೇ ಬದಲಾಯಿತು. ಹುಳುಮನೆಯ ಪಕ್ಕದಲ್ಲೇ ಎರೆಗೊಬ್ಬರದ ಗುಂಡಿ. ಹುಳು ತಿಂದು ಮಿಕ್ಕ ಸೊಪ್ಪು, ಹುಳುವಿನ ಹಿಕ್ಕೆ, ಸಗಣಿ ಎಲ್ಲ ಅದಕ್ಕೆ. ಹಿಪ್ಪುನೇರಳೆ ಕಡ್ಡಿಗಳನ್ನು ಸಾಲುಗಳ ನಡುವೆ ಹೊದಿಕೆಯಾಗಿ ಹಾಸಿದೆವು. ಬಚ್ಚಲ ಹಿಂದೆ ಬಾಳೆ, ಬೇಲಿಗೆ ನುಗ್ಗೆ, ನುಗ್ಗೆಯ ಮೇಲೆ ಅವರೆ ಬಳ್ಳಿ.

ಪಾಪಮ್ಮ ಎಲ್ಲಕ್ಕೂ ತಲೆಯಾಡಿಸಿದರು. ಒಂದಕ್ಕೆ ಮಾತ್ರ ಅಡ್ಡ ನಿಂತರು.

"ಕಾಯ್ಲೆ ಹುಳ ಮಾತ್ರ ವದ್ದು ನಾಯನಾ. ಅದು ನನ್ ಗುಂಡಿಗೇ ಹೋಗ್ಬೇಕು."

ಬೇಡ ಎನ್ನುವುದಕ್ಕೆ ತೆಲುಗಿನಲ್ಲಿ ವದ್ದು ಎನ್ನುತ್ತಾರೆ, ನಾಯನಾ ಎಂದರೆ ಅಪ್ಪಾ. "ಆಯ್ತಜ್ಜಿ, ಅದು ನಿಮ್ದೇ," ಎಂದು ನಕ್ಕು ಒಪ್ಪಿಕೊಂಡೆ. ಅವರು ಸೊಸೆಯ ಕಡೆ ತಿರುಗಿ ಆಕೆಯಿಂದಲೂ ಮಾತು ತೆಗೆದುಕೊಂಡರು. ನಿಜ ಹೇಳಬೇಕೆಂದರೆ ನಮ್ಮ ಇಲಾಖೆಯ ಪಾಠವೂ ಅದೇ ಆಗಿತ್ತು: ರೋಗದ ಹುಳುವನ್ನು ಸುಡಬೇಕು, ಇಲ್ಲವೇ ಸುಣ್ಣ ಹಾಕಿ ಹೂಳಬೇಕು. ಅದನ್ನು ಓದಿ ಪಾಸಾದವನು ನಾನು. ಆದ್ದರಿಂದ ಮುಂದೆ ನಡೆದದ್ದಕ್ಕೆ ತಿಳಿಯದೆ ಆಯಿತು ಎಂಬ ನೆಪ ನನಗಿಲ್ಲ.

ಹುಳುಮನೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ನಾನೇ ನಿಂತು ಬರೆಸಿದೆ: "ಇಲ್ಲಿ ಯಾವುದೂ ಕಸವಲ್ಲ." ಸುದ್ದಿ ಹಬ್ಬಿತು. ಜುಲೈನಲ್ಲಿ ಶ್ರೀನಿವಾಸಪುರದ ಕಡೆಯಿಂದ ನಲವತ್ತು ರೈತರ ತಂಡವೊಂದು ನೋಡಲು ಬರುವುದೆಂದು ನಿಶ್ಚಯವಾಯಿತು, ಜೊತೆಗೆ ಕೋಲಾರದಿಂದ ನನ್ನ ಮೇಲಧಿಕಾರಿ. ನನಗೆ ಮದುವೆ ಮನೆಯ ಸಡಗರ. ಬೆಳಗ್ಗೆ ಎಂಟಕ್ಕೇ ಹೋಗಿ ಅಂಗಳ ಗುಡಿಸಿದ್ದು ಸರಿಯಾಗಿದೆಯೇ ಎಂದು ನೋಡುತ್ತಿದ್ದೆ. ಪಾಪಮ್ಮ ಮಗಳ ಮನೆಗೆ ಹೋಗಿದ್ದರು, ಊರಲ್ಲಿರಲಿಲ್ಲ.

ಮೇಲಧಿಕಾರಿಯ ಜೀಪು, ಅದರ ಹಿಂದೆ ರೈತರ ಬಸ್ಸು ಊರ ಬಾಗಿಲಿಗೆ ಬಂದ ಸದ್ದು ಕೇಳಿಸಿತು. ಆಗಲೇ ವೆಂಕಟಲಕ್ಷ್ಮಮ್ಮ ಒಂದು ಮಕ್ಕರಿ ಹಿಡಿದು ಹೊರಗೆ ಬಂದರು. ಒಳಗೆ ಇಪ್ಪತ್ತು ಮೂವತ್ತು ಹುಳು, ಮೈ ಊದಿಕೊಂಡು ಹೊಳೆಯುತ್ತಿದ್ದವು. ಕೆಲವುಗಳ ಮೈಯಿಂದ ಹಾಲಿನಂಥ ನೀರು ಸೋರುತ್ತಿತ್ತು. ಹಾಲುತೊಂಡೆ ರೋಗ. ತಟ್ಟೆಯೊಂದರ ಮೂಲೆಯಲ್ಲಿ ಮಾತ್ರ ಕಾಣಿಸಿಕೊಂಡಿತ್ತು.

"ಬೇಲಿ ಹತ್ರ ಹಾಕಿ ಬಂದ್ಬಿಡ್ತೀನಿ ಸಾರ್," ಎಂದರು.

ಬೇಲಿಗೆ ಹೋಗುವ ದಾರಿ ಜೀಪು ಬರುತ್ತಿದ್ದ ದಾರಿಯೇ. "ಯಾವುದೂ ಕಸವಲ್ಲ" ಎಂದು ಬರೆದ ಗೋಡೆಯ ಮುಂದೆಯೇ ಆಕೆ ಕಸ ಹೊತ್ತುಕೊಂಡು ಹೋಗುವುದನ್ನು ನಲವತ್ತು ಜನ ನೋಡುತ್ತಾರಲ್ಲ ಎಂದು ನನಗೆ ಮುಜುಗರವಾಯಿತು. ಅಷ್ಟೇ ಕಾರಣ. ಇಷ್ಟು ವರ್ಷ ಹುಡುಕಿದರೂ ಇದಕ್ಕಿಂತ ದೊಡ್ಡ ಕಾರಣ ಸಿಕ್ಕಿಲ್ಲ.

"ಇವತ್ತೊಂದಿನ ಈ ಗೊಬ್ಬರದ ಗುಂಡಿಗೇ ಹಾಕ್ಬಿಡಮ್ಮ, ಕೊಳ್ತು ಹೋಗುತ್ತೆ."

"ಅತ್ತೆ ಕೇಳಿದ್ರೆ?"

"ಅತ್ತೆಗೆ ನಾನು ಹೇಳ್ತೀನಿ ಬಿಡಿ."

ಆಕೆ ಒಂದು ಗಳಿಗೆ ನಿಂತು, ಆಮೇಲೆ ಮಕ್ಕರಿಯನ್ನು ಗುಂಡಿಗೆ ಬೋರಲು ಹಾಕಿದರು. ಮೇಲೆ ನಾನೇ ಒಂದು ಬೊಗಸೆ ಸೊಪ್ಪು ಎಳೆದೆ. ಅವತ್ತಿನ ಭೇಟಿ ಬಹಳ ಚೆನ್ನಾಗಿ ನಡೆಯಿತು, ಮೇಲಧಿಕಾರಿ ನನ್ನ ಬೆನ್ನು ತಟ್ಟಿದರು.

ಹಾಲುತೊಂಡೆಯ ನಂಜು ಎರೆಹುಳುವಿನ ಗುಂಡಿಯಲ್ಲಿ ಸಾಯುವುದಿಲ್ಲ. ಅಲ್ಲಿ ಅಂಥ ಬಿಸಿ ಏಳುವುದಿಲ್ಲ, ಮಣ್ಣಿನೊಳಗೆ ನಂಜು ತಿಂಗಳುಗಟ್ಟಲೆ ಕೂತಿರುತ್ತದೆ. ಅಕ್ಟೋಬರ್‌ನಲ್ಲಿ ಆ ಗೊಬ್ಬರ ತೆಗೆದು, ಚಾಕಿಗೆಂದೇ ಬೆಳೆಸಿದ ಹಿಪ್ಪುನೇರಳೆಗೆ ಹಾಕಿದರು. ಗೊಬ್ಬರ ಮುಟ್ಟಿದ ಕೈಯಿಂದಲೋ, ಅದೇ ಮಕ್ಕರಿಯಲ್ಲಿ ತಂದ ಸೊಪ್ಪಿನಿಂದಲೋ, ಮಳೆಗೆ ಸಿಡಿದ ಮಣ್ಣಿನಿಂದಲೋ, ಅಂತೂ ಅದು ಹುಳುಮನೆಯೊಳಕ್ಕೆ ಬಂತು. ಚಾಕಿಯಲ್ಲಿ ಏನೂ ಕಾಣಲಿಲ್ಲ. ಹನ್ನೊಂದು ಮನೆಗಳಿಗೂ ಹುಳು ಹಂಚಿಹೋಯಿತು. ನಾಲ್ಕನೇ ಜ್ವರದಿಂದ ಎದ್ದ ಮೇಲೆ, ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ, ಹನ್ನೊಂದು ಮನೆಗಳಲ್ಲೂ ಹುಳುಗಳು ಊದಿಕೊಂಡು ತಟ್ಟೆಯ ಅಂಚಿಗೆ ಹರಿದು ಬಂದವು. ಒಬ್ಬರ ಬೆಳೆಯೂ ಉಳಿಯಲಿಲ್ಲ.

ಮೇಲಧಿಕಾರಿ ಬಂದರು. ಹುಳುಮನೆಯ ಮುಂದೆ ಊರೇ ನಿಂತಿತ್ತು, ಪಾಪಮ್ಮನವರೂ ಕಂಬಕ್ಕೆ ಒರಗಿ ನಿಂತಿದ್ದರು. ಗೊಬ್ಬರ, ಸೊಪ್ಪು, ತಟ್ಟೆ ಎಲ್ಲ ನೋಡಿ ಮೇಲಧಿಕಾರಿ ವೆಂಕಟಲಕ್ಷ್ಮಮ್ಮನನ್ನು ಕೇಳಿದರು:

"ಕಾಯಿಲೆ ಹುಳು ಏನಾದ್ರೂ ಈ ಗುಂಡಿಗೆ ಹಾಕಿದ್ರೇನಮ್ಮ?"

ವೆಂಕಟಲಕ್ಷ್ಮಮ್ಮ ನನ್ನ ಮುಖ ನೋಡಿದರು. ನಾನು ಕೈಯಲ್ಲಿದ್ದ ಡೈರಿಯನ್ನು ನೋಡಿದೆ. ಹೇಳಬೇಕು ಅಂದುಕೊಂಡೆ. ಇನ್ನೊಂದು ಗಳಿಗೆ ಬಿಟ್ಟು ಹೇಳೋಣ, ಜೀಪಿನಲ್ಲಿ ಒಬ್ಬರೇ ಇದ್ದಾಗ ಹೇಳೋಣ ಎಂದು ಲೆಕ್ಕ ಹಾಕುತ್ತಿದ್ದೆ.

"ಹೌದು ಸಾರ್, ನಾನೇ ಹಾಕ್ದೆ," ಎಂದರು ಆಕೆ.

ಪಾಪಮ್ಮ ಸೊಸೆಯನ್ನು ಒಮ್ಮೆ ನೋಡಿ ಒಳಗೆ ಹೋದರು. ಜೀಪಿನಲ್ಲೂ ನಾನು ಹೇಳಲಿಲ್ಲ. ಸಂಜೆ ಕಚೇರಿಯಲ್ಲಿ ಕೂತು ವರದಿ ಬರೆದವನೂ ನಾನೇ. ಕಾರಣ ಎಂಬ ಕಡೆ "ಸಾಕಣೆದಾರರ ಅಜಾಗರೂಕತೆ" ಎಂದು ಬರೆದೆ. ನನ್ನ ಅಕ್ಷರ ದುಂಡಗೆ, ಓದಲು ಹಿತವಾಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರು.

ಚಾಕಿ ಕೇಂದ್ರ ಪಕ್ಕದ ಊರಿಗೆ ಹೋಯಿತು. ಮಾರನೇ ವರ್ಷ ನನಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ತಾಯಲೂರಿನ ಬಸ್ಸು ಕಂಡಾಗೆಲ್ಲ ಒಂದು ಸಲ ಹೋಗಿ ಬರಬೇಕು ಅನ್ನಿಸುತ್ತಿತ್ತು, ಏನೋ ಒಂದು ಕೆಲಸ ಅಡ್ಡ ಬರುತ್ತಿತ್ತು. ಅಡ್ಡ ಬರಲಿ ಎಂದು ನಾನೇ ಕಾಯುತ್ತಿದ್ದೆನೋ ಏನೋ.

ಹೋದದ್ದು 2008ರಲ್ಲಿ. ವೆಂಕಟಲಕ್ಷ್ಮಮ್ಮನ ತಲೆ ಅರ್ಧ ನೆರೆತಿತ್ತು. ಹಿಪ್ಪುನೇರಳೆಯ ಒಂದು ಗಿಡವೂ ಇರಲಿಲ್ಲ. ಆದರೆ ಮಿಕ್ಕದ್ದೆಲ್ಲ ಇತ್ತು, ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಇತ್ತು. ಬಚ್ಚಲ ನೀರಿಗೆ ಬಾಳೆ ದಟ್ಟವಾಗಿ ಬೆಳೆದಿತ್ತು. ಎರೆಗೊಬ್ಬರವನ್ನು ಸುತ್ತಲ ಟೊಮೆಟೊ ತೋಟದವರು ಬಂದು ಒಯ್ಯುತ್ತಿದ್ದರಂತೆ. ಹುಳುಮನೆಯಲ್ಲಿ ಹಸು ಕಟ್ಟಿದ್ದರು. ನನಗೆ ಒಂದು ಹಿಡಿ ನುಗ್ಗೆಕಾಯಿ ಕಿತ್ತು ಕೊಟ್ಟರು. ಅದನ್ನು ಹಿಡಿದುಕೊಂಡೇ, ಹನ್ನೊಂದು ವರ್ಷ ನುಂಗಿಕೊಂಡಿದ್ದನ್ನು ಹೇಳಿದೆ. ತಪ್ಪು ನನ್ನದು, ಕ್ಷಮಿಸಿ ಅಮ್ಮ ಎಂದೆ.

ಆಕೆ ಸಿಟ್ಟಾಗಲಿಲ್ಲ.

"ಬೆಳೆ ಹೋಯ್ತು, ಮತ್ತೆ ಬೆಳ್ಕೊಂಡ್ರು ಬಿಡಿ ಸಾರ್. ಊರವ್ರೂ ಒಂದೆರ್ಡು ವರ್ಷಕ್ಕೆ ಮಾತಾಡ್ಸಿದ್ರು. ನಮ್ಮತ್ತೆ ಮಾತ್ರ ಸಾಯೋವರ್ಗೂ ಒಂದಿಷ್ಟು ಹುಳ ತಾವೇ ಸಾಕ್ಕೊಂಡ್ರು, ನನ್ನನ್ನ ಹುಳುಮನೆಗೆ ಸೇರಿಸ್ಲಿಲ್ಲ. ನಾನು ಮಾತು ತಪ್ಪಿದೆ ಅಂತ್ಲೇ ಹೋದ್ರು."

"ನೀವು ಹೇಳಬಹುದಿತ್ತಲ್ಲಮ್ಮ, ನಾನು ಹಾಕಿಸಿದ್ದು ಅಂತ."

"ನಾನು ಹೇಳಿದ್ರೆ ನೆಪ ಅಂತಿದ್ರು ಸಾರ್," ಎಂದರು. "ಅತ್ತೆಗೆ ನಾನು ಹೇಳ್ತೀನಿ ಅಂತ ನೀವಂದಿದ್ರಲ್ಲ. ಬರ್ತೀರಿ ಅಂತಿದ್ದೆ."

ಪಾಪಮ್ಮ ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಅಂದರೆ, ಹೇಳಲು ನನಗೆ ಎಂಟು ವರ್ಷ ಇತ್ತು, ಶ್ರೀನಿವಾಸಪುರದಿಂದ ಎರಡು ಬಸ್ಸು ಹತ್ತಿದ್ದರೆ ಸಾಕಿತ್ತು.

ಆಮೇಲೆ ಹೊಸ ಅಧಿಕಾರಿಗಳಿಗೆ ತರಬೇತಿ ಕೊಡುವಾಗ ಕಸವನ್ನು ಗೊಬ್ಬರ ಮಾಡುವುದನ್ನು ಅದೇ ಉತ್ಸಾಹದಿಂದ ಕಲಿಸಿದೆ. ಆ ವಿದ್ಯೆ ಸುಳ್ಳಲ್ಲ, ಆಕೆಯ ಬಾಳೆಯೇ ಅದಕ್ಕೆ ಸಾಕ್ಷಿ. ಆದರೆ ಮೊದಲ ದಿನ ಮೊದಲು ಹೇಳುತ್ತಿದ್ದದ್ದು ಬೇರೆ: ಆ ಮನೆಯಲ್ಲಿ ಯಾವುದನ್ನು ಬೇರೆ ಇಡುತ್ತಾರೆ, ಯಾಕೆ ಇಡುತ್ತಾರೆ ಎಂದು ಹಳಬರನ್ನು ಕೇಳಿಕೊಂಡು ಬನ್ನಿ, ನೀವು ಮಾಡಿಸಿದ ತಪ್ಪಿಗೆ ವರದಿಯಲ್ಲಿ ನಿಮ್ಮ ಹೆಸರನ್ನೇ ಬರೆಯಿರಿ. ಅವರು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಈ ಕಥೆಯನ್ನು ಮಾತ್ರ ನಾನು ಅವರಿಗೂ ಹೇಳಲಿಲ್ಲ.

ಪಾಪಮ್ಮನವರೇ, ಕಾಯಿಲೆ ಹುಳುವನ್ನು ಗೊಬ್ಬರದ ಗುಂಡಿಗೆ ಹಾಕಿಸಿದವನು ನಾನು. ನಿಮ್ಮ ಸೊಸೆ ಅವತ್ತು ಬೇಲಿಯ ಕಡೆಗೇ ಹೊರಟಿದ್ದರು.